ಸೋರಣ್ಣನಿಗೆ ಸಿಗದ ಸೋರಿಕೆ

ಸೋರಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಅವನ ಗುರುತಿನ ಚೀಟಿಯಲ್ಲಿ ಬೆಚ್ಚಗೆ, ಒಂದು ಹನಿಯೂ ತಾಕದಂತೆ ಕುಳಿತಿತ್ತು. ಊರಿಗೆ ಮಾತ್ರ ಅವನು ಸೋರಣ್ಣ. ಕಾರಿನೊಳಗೆ ನೀರು ಬಂದರೆ ಎಲ್ಲಿಂದ ಬಂತೆಂದು ಪತ್ತೆ ಹಚ್ಚಿ ಮುಚ್ಚುವುದು ಅವನ ಕಸುಬು. ಎಂಜಿನ್ ಮುಟ್ಟುತ್ತಿರಲಿಲ್ಲ, ಬ್ರೇಕಿನ ಗೋಜಿಗೆ ಹೋಗುತ್ತಿರಲಿಲ್ಲ. ಯಾರಾದರೂ ಕೇಳಿದರೆ, “ಅದಕ್ಕೆಲ್ಲ ಬೇರೆ ಡಾಕ್ಟರಿದ್ದಾರೆ. ನಾನು ಬರೀ ನೆಗಡಿ ನೋಡೋನು” ಎನ್ನುತ್ತಿದ್ದ.

ಕಾರಿಗೆ ಹಿಡಿಯುವ ನೆಗಡಿ ಸಾಮಾನ್ಯದ್ದಲ್ಲ. ನೀರಿನ ಸ್ವಭಾವ ದೂರದ ನೆಂಟನದು. ಹಿತ್ತಲಿನಿಂದ ನುಗ್ಗಿ ನಡುಮನೆಯಲ್ಲಿ ಪ್ರತ್ಯಕ್ಷವಾಗುತ್ತದೆ. ಹಿಂದಿನ ದೀಪದ ಸಂದಿಯಲ್ಲಿ ಒಳಹೊಕ್ಕ ನೀರು ಮುಂದಿನ ಸೀಟಿನ ಕೆಳಗೆ ಬಂದು ನಿಂತಿರುತ್ತದೆ. ಬಾಗಿಲ ಹೊಟ್ಟೆಯೊಳಗಿನ ಪ್ಲಾಸ್ಟಿಕ್ ಹಾಳೆ ಹರಿದಿದ್ದರೆ ಮಾಲೀಕ ತಿಂಗಳುಗಟ್ಟಲೆ ಗಾಜನ್ನೇ ಬೈಯುತ್ತಿರುತ್ತಾನೆ. ನೀರು ಕಾರುವ ಕಾರಿಗೂ ಒಂದು ಕಾರಣ ಇರುತ್ತದೆ ಎಂಬುದಷ್ಟೇ ಸೋರಣ್ಣನ ನಂಬಿಕೆ. ಉಳಿದದ್ದು ತಾಳ್ಮೆ.

ಅವನ ಪದ್ಧತಿ ಹೀಗೆ. ಮೊದಲು ಮ್ಯಾಟು, ಕಾರ್ಪೆಟ್ಟು ಎಲ್ಲ ಕಿತ್ತು ತಗಡಿನ ನೆಲವನ್ನು ಬತ್ತಲೆ ಮಾಡಿ, ಒರೆಸಿ ಒಣಗಿಸುವುದು. ಅನುಮಾನ ಬಂದ ಕಡೆಗೆಲ್ಲ ಮುಖಕ್ಕೆ ಹಚ್ಚುವ ಪೌಡರ್ ಉದುರಿಸುವುದು. ಆಮೇಲೆ ಅವನು ಒಳಗೆ ಸೇರಿ, ಬಾಗಿಲು ಹಾಕಿಕೊಂಡು, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಕಾಲನ್ನು ಸೀಟಿನ ಬೆನ್ನಿಗೆ ಒರಗಿಸಿ, ಟಾರ್ಚ್ ಹಿಡಿದು ಮಲಗುವುದು. ಹೊರಗಿನಿಂದ ಇನ್ನೊಬ್ಬರು ಪೈಪಿನಲ್ಲಿ ನೀರು ಬಿಡುವುದು. ಅದೂ ಜೋರಾಗಿ ಅಲ್ಲ, ಸಣ್ಣಗೆ, ಕೆಳಗಿನಿಂದ ಗೇಣು ಗೇಣಾಗಿ ಮೇಲಕ್ಕೆ. ನೀರು ಪೌಡರಿನ ಮೇಲೆ ಗೆರೆ ಎಳೆದುಕೊಂಡು ಬಂತೋ, ಸಿಕ್ಕಿಬಿತ್ತು. ಗಾಜೆಲ್ಲ ಏರಿಸಿರುವುದರಿಂದ ಮಾತು ಕೇಳಿಸದು, ಕುಟ್ಟುವುದೇ ಭಾಷೆ. ಒಳಗಿನಿಂದ ಒಂದು ಸಲ ಕುಟ್ಟಿದರೆ ಮುಂದಕ್ಕೆ ಹೋಗು. ಎರಡು ಸಲ ಕುಟ್ಟಿದರೆ ಅಲ್ಲೇ ನಿಲ್ಲು. ಸಂಜೆ ಹೊರಗೆ ಬರುವ ಹೊತ್ತಿಗೆ ಸೋರಣ್ಣನ ಮೀಸೆ ಬೆಳ್ಳಗಾಗಿ, ಮೈಯೆಲ್ಲ ಎಳೆಮಗುವಿನ ಘಮ. ಆಸುಪಾಸಿನ ಮೆಕ್ಯಾನಿಕ್‌ಗಳು ಗ್ರೀಸಿನ ವಾಸನೆ ಹೊತ್ತು ಮನೆಗೆ ಹೋದರೆ ಇವನು ತೊಟ್ಟಿಲಿನಿಂದ ಎದ್ದುಬಂದವನ ಹಾಗೆ ಹೋಗುತ್ತಿದ್ದ.

ಹೊರಗೆ ಪೈಪ್ ಹಿಡಿಯುತ್ತಿದ್ದವರು ಮೇಡಂ, ಅಂದರೆ ಅವನ ಹೆಂಡತಿ. ಊರಿಗೆ ಡ್ರೈವಿಂಗ್ ಕಲಿಸಿದವರಾದ್ದರಿಂದ ಎಲ್ಲರ ಬಾಯಲ್ಲೂ ಮೇಡಂ. ಗಂಡನಿಗೆ ಏಕವಚನ, ಹೆಂಡತಿಗೆ ಬಹುವಚನ ಎಂದು ಊರೇ ತೀರ್ಮಾನಿಸಿರುವಾಗ ನಾವೇಕೆ ತಿದ್ದುವುದು. ಸೋರಣ್ಣನೂ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದ. ಮನೆಯ ಕಾರುಬಾರೂ ಅವರದು, ಕಾರೂ ಅವರದು.

ಆ ಕಾರಿನಿಂದಲೇ ಎಲ್ಲ ಶುರುವಾದದ್ದು. ಕಲಿಯುವವರ ಕಾರು. ಪಕ್ಕದ ಸೀಟಿನ ಮುಂದೆಯೂ ಒಂದು ಕ್ಲಚ್ಚು, ಒಂದು ಬ್ರೇಕು. ತಲೆಯ ಮೇಲೆ ಹಳದಿ ಬೋರ್ಡು. ಬಣ್ಣ ಆಗ ಗಟ್ಟಿ ನೀಲಿ. ಓಣಿಯ ಕೊನೆಯ ಶೆಡ್ಡಿನಲ್ಲಿ ಸೋರಣ್ಣ ಆಗಷ್ಟೇ ರಬ್ಬರ್ ಪಟ್ಟಿಗಳನ್ನು ಮೊಳೆಗೆ ನೇತುಹಾಕಿ ಅಂಗಡಿ ತೆರೆದಿದ್ದ. ಮೇಡಂ ಕಾರು ನಿಲ್ಲಿಸಿ ಇಳಿದು, ನೇರವಾಗಿ ವಿಷಯಕ್ಕೆ ಬಂದಿದ್ದರು.

“ನನ್ನ ಹತ್ರ ಕಲಿಯೋರು ಹೆದರಿ ಬೆವರ್ತಾರೆ, ಗೊತ್ತು. ಆದ್ರೆ ಕಾಲುಚೀಲ ಹಿಂಡೋ ಅಷ್ಟು ಬೆವರಲ್ಲ. ನೋಡಿ ಸ್ವಲ್ಪ.”

ಸೋರಣ್ಣ ನೋಡಿದ. ಕಾರನ್ನೂ ನೋಡಿದ. ಮುಂದಿನ ಗಾಜಿನ ಬುಡದ ಜಾಲರಿಯಲ್ಲಿ ಒಣಗಿದ ಎಲೆ ತುಂಬಿ, ನೀರು ಹೊರಹೋಗುವ ತೂತು ಕಟ್ಟಿಕೊಂಡಿತ್ತು. ಅರ್ಧ ಗಂಟೆಯ ಕೆಲಸ. ಆದರೆ ಅವನು ಗಂಭೀರವಾಗಿ, “ಮುಂದಿನ ವಾರ ಒಂದು ಸಲ ತನ್ನಿ, ಪರೀಕ್ಷೆ ಮಾಡಬೇಕು” ಅಂದ. ಮುಂದಿನ ವಾರ, “ಇನ್ನೊಂದು ವಾರ ಬಿಟ್ಟು ತನ್ನಿ” ಅಂದ. ಹಾಗೆ ಮೂರು ನಾಲ್ಕು ಸಲ ತಂದ ಮೇಲೆ ಮೇಡಂ ಕೇಳಿದರು, “ಕಾರಿಗೆ ವಾಸಿಯಾಗಿ ಎಷ್ಟು ದಿನ ಆಯ್ತು, ನಿಜ ಹೇಳಿ.” ಸೋರಣ್ಣನಿಗೆ ನೀರಿಳಿಯಿತು. ಅಲ್ಲಿಗೆ ಮದುವೆ ನಿಶ್ಚಯವಾದಂತೆಯೇ.

ಆಮೇಲಿನ ವರ್ಷಗಳನ್ನು ಸೋರಣ್ಣ ಈಗಲೂ ಸದ್ದಿನಿಂದಲೇ ನೆನೆಯುತ್ತಾನೆ. ಬೆಳಿಗ್ಗೆ ಮೇಡಂ ಪಾಠ ಮುಗಿಸಿ, ಬೋರ್ಡು ತೆಗೆದಿಟ್ಟು, ಸೆರಗು ಸಿಕ್ಕಿಸಿ ಪೈಪ್ ಹಿಡಿಯುತ್ತಿದ್ದರು. ಒಳಗೆ ಕತ್ತಲಲ್ಲಿ ಮಲಗಿದವನಿಗೆ ನೀರು ಬೀಳುವ ಸದ್ದಿನಲ್ಲೇ ಅವರ ಮನಸ್ಸಿನ ಹವಾಮಾನ ತಿಳಿಯುತ್ತಿತ್ತು. ಗಿರಾಕಿಯ ಕಾರಾದರೆ ಗಾಜು ಪೂರ್ತಿ ಮೇಲೆ, ಬರೀ ಕುಟ್ಟಾಟ. ಆದರೆ ಭಾನುವಾರ ತಮ್ಮದೇ ಕಾರನ್ನು ತೊಳೆದು ಪರೀಕ್ಷಿಸುವಾಗ ಸೋರಣ್ಣ ತನ್ನ ಬದಿಯ, ಅಂದರೆ ಡ್ರೈವರ್ ಬದಿಯ ಗಾಜನ್ನು ಎರಡು ಬೆರಳಿನಷ್ಟು ಇಳಿಸಿಕೊಳ್ಳುತ್ತಿದ್ದ. ಗಾಳಿಗೆ ಎಂದು ಹೇಳುತ್ತಿದ್ದ. ಗಾಳಿಯ ಜೊತೆಗೆ ಮಾತೂ ಬರುತ್ತಿತ್ತು.

“ರೀ, ನಿನ್ನೆ ಬ್ಯಾಂಕ್ ಮ್ಯಾನೇಜರ್ ಗೇಟಿಗೆ ಗುದ್ದಿಬಿಟ್ರು.”

“ಯಾರ ಗೇಟು?”

“ಬ್ಯಾಂಕಿಂದೇ. ನಾನು ಬ್ರೇಕ್ ಒತ್ತಿದೆ, ಅವರು ಅದೇ ಹೊತ್ತಿಗೆ ಆಕ್ಸಿಲರೇಟರ್ ಒತ್ತಿದ್ರು. ಇಬ್ಬರಲ್ಲಿ ಅವರ ಕಾಲೇ ಭಾರ.”

“ಬಡ್ಡಿ ಸಮೇತ ಗುದ್ದಿರ್ತಾರೆ ಬಿಡಿ.”

“ನೀವು ನಗಬೇಡಿ, ಟಾರ್ಚ್ ಅಲ್ಲಾಡುತ್ತೆ.”

ಮಗಳು ಹುಟ್ಟಿದ ಮೇಲೆ ಅವಳ ಹಲ್ಲು, ಅವಳ ಶಾಲೆ, ಅವಳ ಹಟ ಎಲ್ಲವೂ ಆ ಎರಡು ಬೆರಳಿನ ಸಂದಿಯಲ್ಲೇ ಚರ್ಚೆಯಾದವು. ಮನೆಯೊಳಗೆ ಎದುರುಬದುರು ಕೂತರೆ ಇಬ್ಬರಿಗೂ ಮಾತು ತೋಚುತ್ತಿರಲಿಲ್ಲ. ನಡುವೆ ಒಂದು ಬಾಗಿಲು, ಒಂದಿಷ್ಟು ನೀರು ಇದ್ದರೆ ಸಲೀಸಾಗಿ ಹರಿಯುತ್ತಿತ್ತು.

ಕಾಲ ಕಳೆಯಿತು. ಮೇಡಂಗೆ ಭುಜದ ನೋವು ಬಂದು ಪಾಠ ನಿಲ್ಲಿಸಿದರು. ಹಳದಿ ಬೋರ್ಡು ಅಟ್ಟ ಸೇರಿತು. ನೀಲಿ ಬಣ್ಣ ತೊಳೆದು ತೊಳೆದು ಆಕಾಶದ ಬಣ್ಣಕ್ಕೆ ಇಳಿಯಿತು. ಆದರೂ ಅವರು ದಿನಾ ಸಂಜೆ ಆ ಕಾರಿನಲ್ಲಿ ಒಂದು ಸುತ್ತು ಹೋಗಿ ಬರುತ್ತಿದ್ದರು. ದಾರಿಯಲ್ಲಿ ಯಾರೋ ಹಾರ್ನ್ ಒತ್ತಿ, “ನಮಸ್ಕಾರ ಮೇಡಂ” ಎನ್ನುತ್ತಿದ್ದರು. ಮೇಡಂ ನಮಸ್ಕಾರಕ್ಕೆ ಮೊದಲು ಹಾರ್ನ್ ಒತ್ತಿದವರ ಕೈ ಸ್ಟೀರಿಂಗ್ ಮೇಲೆ ಸರಿಯಾಗಿದೆಯೇ ಎಂದು ನೋಡುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಆ ಕಾರು ಸೋರತೊಡಗಿತು. ಡ್ರೈವರ್ ಕಾಲ ಬುಡದಲ್ಲಿ ಅಂಗೈಯಗಲ ತೇವ, ಆಮೇಲೆ ಕೆರೆ. ಸೋರಣ್ಣ ಮೊದಲು ನಕ್ಕ. ಆಮೇಲೆ ನಗು ನಿಂತಿತು. ಜಾಲರಿ ಸ್ವಚ್ಛ ಮಾಡಿದ. ಮುಂದಿನ ಗಾಜಿನ ರಬ್ಬರ್ ಬದಲಿಸಿದ. ಬಾಗಿಲ ಪ್ಲಾಸ್ಟಿಕ್ ಹಾಳೆ ಹೊಸದು ಹಾಕಿದ. ವೈರು ಹಾದುಹೋಗುವ ತೂತುಗಳಿಗೆಲ್ಲ ಬಿರಡೆ ಬಡಿದ. ಭಾನುವಾರದ ಹಾಗೆ ಮೇಡಂ ಪೈಪ್ ಹಿಡಿದರೆ ಒಂದು ಹನಿ ಇಲ್ಲ, ಮಳೆ ಬಂದರೆ ಸ್ನಾನಕ್ಕಾಗುವಷ್ಟು ನೀರು. ಮಳೆಯಲ್ಲೇ ಒಳಗೆ ಕೂತೂ ನೋಡಿದ. ನೀರು ಡ್ಯಾಶ್‌ಬೋರ್ಡಿನ ಹಿಂದೆ, ಬಾಗಿಲ ಪಕ್ಕದ ಕಂಬದ ಒಳಗಿನಿಂದ ಇಳಿಯುತ್ತಿತ್ತು. ಹೊರಬರುವ ಜಾಗ ಗೊತ್ತಾಯಿತು, ಒಳಹೋಗುವ ಜಾಗ ಗೊತ್ತಾಗಲಿಲ್ಲ. ಇಡೀ ಕಾರಿನ ಮೇಲೆ ಒಟ್ಟಿಗೆ ಬೀಳುವ ಮಳೆಯನ್ನು ಯಾವ ಹನಿ ಎಲ್ಲಿ ನುಸುಳಿತೆಂದು ಕೇಳುವುದು ಹೇಗೆ? ಅದಕ್ಕೆ ಪೈಪೇ ಬೇಕು, ಪೈಪಿಗೆ ಅದು ಸಿಗದು.

ಕಾರ್ಪೆಟ್ಟಿನಡಿ ಅಣಬೆ ಎದ್ದಿತು. ಪರವೂರಿನಿಂದ ಬಂದ ಮಗಳು ಕಾರಿನ ಬಾಗಿಲು ತೆಗೆದು ಮೂಗು ಮುಚ್ಚಿಕೊಂಡಳು. “ಅಪ್ಪಾ, ಇದು ಕಾರಲ್ಲ, ತೋಟ. ಅಮ್ಮ ಇದರಲ್ಲಿ ಓಡಾಡಿದ್ರೆ ಅವರೂ ಚಿಗುರ್ತಾರೆ.”

ಸೋರಣ್ಣನಿಗೆ ವಾಸನೆಯ ಚಿಂತೆ ಇರಲಿಲ್ಲ. ನೆಲದ ತಗಡು ತುಕ್ಕು ಹಿಡಿದು, ಸ್ಕ್ರೂಡ್ರೈವರಿನಿಂದ ಒತ್ತಿದರೆ ಹಪ್ಪಳದ ಹಾಗೆ ಮುರಿಯತೊಡಗಿತ್ತು. ಇನ್ನೊಂದು ಮಳೆಗಾಲ ಹೀಗೇ ನೆನೆದರೆ ಬ್ರೇಕ್ ಒತ್ತುವಾಗ ಮೇಡಂ ಕಾಲು ನೇರ ರಸ್ತೆಗೇ ಇಳಿಯಬಹುದು. ತೂತು ಸಿಗದಿದ್ದರೆ ನೆಲಕ್ಕೆ ಹೊಸ ತಗಡು ಹಾಕಿಯೂ ಪ್ರಯೋಜನವಿಲ್ಲ. ಹಾಗೆಂದು ಮೇಡಂಗೆ ಹೇಳುವ ಧೈರ್ಯ ಬರಲಿಲ್ಲ. ಅವನು ಮೆಲ್ಲನೆ ಗುಜರಿಯವನಿಗೆ ಫೋನ್ ಮಾಡಿದ. ಗುಜರಿಯವನು ಮರುದಿನ ಮನೆಗೇ ಫೋನ್ ಮಾಡಿದ. ಎತ್ತಿದವರು ಮೇಡಂ.

“ಅಕ್ಕಾ, ಆ ನೀಲಿ ಡಬ್ಬ ಒಯ್ಯೋಕೆ ಶನಿವಾರ ಬರ್ಲಾ?”

ಮೇಡಂ ಬಾ ಎಂದರು. ಫೋನ್ ಇಟ್ಟರು. ಆಮೇಲೆ ಮನೆಯಲ್ಲಿ ಮಾತು ನಿಂತಿತು. ಕಾಫಿ ಬರುತ್ತಿತ್ತು, ಊಟ ಬರುತ್ತಿತ್ತು, ಮಡಚಿದ ಬಟ್ಟೆ ಬರುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ. ಸೋರಣ್ಣ ತಾನೇ ಒಂದೆರಡು ಸಲ ತಮಾಷೆ ಎಸೆದು ನೋಡಿದ. ಗೋಡೆಗೆ ಎಸೆದ ಚೆಂಡಾದರೂ ವಾಪಸ್ ಬರುತ್ತದೆ.

ಶುಕ್ರವಾರ ಬೆಳಿಗ್ಗೆ ಅವನು ಶೆಡ್ಡಿನಲ್ಲಿ ಕೂತು ಗೋಡೆಯ ರಬ್ಬರ್ ಪಟ್ಟಿಗಳನ್ನು ಸುಮ್ಮನೆ ಎಣಿಸುತ್ತಿದ್ದಾಗ ನೀಲಿ ಕಾರು ಬಂದು ನಿಂತಿತು. ಮೇಡಂ ಇಳಿದು, ಗೋಡೆಯ ನಲ್ಲಿಗೆ ಪೈಪ್ ಸಿಕ್ಕಿಸಿದರು.

“ಒಳಗೆ ಹೋಗಿ” ಎಂದರು. ಆ ವಾರದ ಮೊದಲ ಮಾತು.

“ಎಲ್ಲ ನೋಡಾಗಿದೆ ಮೇಡಂ. ನಿಮ್ಮ ಭುಜ ಬೇರೆ...”

“ನನ್ನ ಭುಜ ನನಗೆ ಗೊತ್ತು. ನೀವು ಹೋಗಿ.”

ಸೋರಣ್ಣ ಪೌಡರ್ ಉದುರಿಸಿ ಒಳಗೆ ತೂರಿಕೊಂಡ. ಕೈ ತಾನಾಗಿ ಹೋಗಿ ಗಾಜನ್ನು ಎರಡು ಬೆರಳು ಇಳಿಸಿತು. ಮೇಡಂ ಹೊರಗಿನಿಂದ ಗಾಜಿನ ಮೇಲೆ ಬೆರಳು ಬಡಿದು, ಮೇಲಕ್ಕೆ ತೋರಿಸಿದರು. ಏರಿಸಿ. ಗಿರಾಕಿಯ ಕಾರಾದರೆ ಮಾಡುವ ಹಾಗೆ.

ಅವನು ಹಿಡಿ ತಿರುಗಿಸಿ ಗಾಜು ಏರಿಸಿದ. ಒಳಗೆ ಕತ್ತಲು, ತುಕ್ಕಿನ ವಾಸನೆ, ಪೌಡರಿನ ವಾಸನೆ. ಹೊರಗೆ ನೀರು ಕೆಳಗಿನಿಂದ ಏರತೊಡಗಿತು. ಕುಟ್ಟಿದ, ಮುಂದಕ್ಕೆ. ಕುಟ್ಟಿದ, ಮುಂದಕ್ಕೆ. ಬಾಗಿಲ ಬುಡ ದಾಟಿತು, ಹಿಡಿ ದಾಟಿತು, ಗಾಜಿನ ಬುಡ ದಾಟಿತು. ಇನ್ನು ಪೈಪು ಮುಂದಿನ ಗಾಜಿನ ಕಡೆಗೆ ತಿರುಗಬೇಕು, ಯಾವಾಗಲೂ ತಿರುಗುತ್ತಿದ್ದದ್ದು ಅಲ್ಲೇ. ತಿರುಗಲಿಲ್ಲ. ನೀರು ನೆಟ್ಟಗೆ ಗಾಜಿನ ಮೇಲೆ ಹತ್ತಿ, ಚಾವಣಿಯ ಅಂಚಿನಲ್ಲಿರುವ ಸಣ್ಣ ಕಾಲುವೆಗೆ ಬಿತ್ತು. ಹಳೆಯ ಕಾರುಗಳಿಗೆ ಮಾತ್ರ ಇರುವ, ಮಳೆನೀರು ಬಾಗಿಲ ಮೇಲೆ ಸುರಿಯದಂತೆ ಪಕ್ಕಕ್ಕೆ ಸಾಗಿಸುವ ಕಿರುಬೆರಳಗಲದ ಕಾಲುವೆ ಅದು.

ಟಾರ್ಚಿನ ಬೆಳಕಿನಲ್ಲಿ ಕಂಬದ ಬುಡದ ಪೌಡರ್ ಮೆಲ್ಲನೆ ಕಪ್ಪಾಯಿತು. ಒಂದು ಹನಿ ಹೊರಗಿಣುಕಿ, ಅನುಮಾನಿಸಿ, ಗೆರೆ ಎಳೆದುಕೊಂಡು ಅವನ ಕಿವಿಯ ಕಡೆಗೇ ಬಂತು.

ಸೋರಣ್ಣ ಎರಡು ಸಲ ಕುಟ್ಟಿದ. ಆಮೇಲೆ ಮತ್ತೆರಡು ಸಲ, ಆಮೇಲೆ ಲೆಕ್ಕವಿಲ್ಲದೆ. ಹೊರಗೆ ನೀರು ನಿಂತಿತು. ಅವನು ಹಾಗೇ ಮಲಗಿದ್ದ. ಗಿರಾಕಿಗಳ ಎಷ್ಟೋ ಕಾರುಗಳಲ್ಲಿ ಆ ಕಾಲುವೆಯ ಬಿರುಕನ್ನು ಅವನು ಹಿಡಿದಿದ್ದ. ತನ್ನ ಕಾರಿನಲ್ಲಿ ಮಾತ್ರ ಗಾಜು ಇಳಿಸಿಟ್ಟಿದ್ದರಿಂದ, ಗಂಡನ ಮುಖಕ್ಕೆ ನೀರು ಬೀಳದಿರಲೆಂದು ಮೇಡಂ ಪ್ರತಿ ಸಲವೂ ಆ ಜಾಗ ಬಿಟ್ಟು ಪೈಪನ್ನು ಮುಂದಕ್ಕೆ ತಿರುಗಿಸಿದ್ದರು. ಇಷ್ಟು ವರ್ಷ ಮಾತಾಡಿಕೊಂಡೇ ಅಲ್ಲಿ ನೀರು ಬಿಟ್ಟಿರಲಿಲ್ಲ. ಮಾತು ಬಿಟ್ಟ ಮೇಲೆ ನೀರು ಬಿಟ್ಟರು.

ಬಾಗಿಲು ತೆರೆಯಿತು. “ಸಿಕ್ತಾ?”

“ಸಿಕ್ತು. ನನ್ನ ತಲೆ ಮೇಲೇ ಇತ್ತು.”

ಮೇಡಂ ಕಾಲುವೆಯನ್ನು ನೋಡಿದರು, ಗಾಜನ್ನು ನೋಡಿದರು, ಗಂಡನನ್ನು ನೋಡಿದರು. ಅವರಿಗೂ ಅರ್ಥವಾಯಿತು. “ನಾನು ಮೊದಲೇ ಒಂದ್ಸಲ ನಿಮ್ಮ ಮುಖಕ್ಕೆ ಬಿಟ್ಟಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ” ಎಂದರು. ನಗಲಿಲ್ಲ, ಆದರೆ ನಗು ದೂರವೇನೂ ಇರಲಿಲ್ಲ.

ಆ ದಿನವೆಲ್ಲ ಕೆಲಸ. ಕಾಲುವೆಯ ತಳದ ಹಳೆಯ ಅಂಟು ಒಣಗಿ, ಕೂದಲೆಳೆಯಷ್ಟು ಸೀಳಿತ್ತು. ಸೋರಣ್ಣ ಅದನ್ನು ಉದ್ದಕ್ಕೂ ಕೆರೆದು ತೆಗೆದ. ತಗಡು ಹೊಳೆಯುವವರೆಗೆ ಉಜ್ಜಿ, ಹೊಸ ಅಂಟು ತುಂಬಿ, ಒದ್ದೆ ಬೆರಳಿನಿಂದ ನಯ ಮಾಡಿದ. ಮೇಡಂ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಟಾರ್ಚ್ ಹಿಡಿದರು, ಹಗಲು ಹೊತ್ತಿನಲ್ಲಿ ಅದರ ಅಗತ್ಯವೇನೂ ಇಲ್ಲದಿದ್ದರೂ. ನೆಲದ ತುಕ್ಕು ಕತ್ತರಿಸಿ ಹೊಸ ತಗಡಿನ ತೇಪೆ ಬೆಸೆಯುವುದಕ್ಕೆ ಎದುರಿನ ವೆಲ್ಡಿಂಗ್ ಅಂಗಡಿಯವನು ಬಂದ. ಅವನೂ ಆ ಕಾರಿನಲ್ಲೇ ಕಲಿತವನು. “ಮೇಡಂ, ಇಲ್ಲೇ ಅಲ್ವಾ ನೀವು ಕಾಲು ಚಾಚಿ ತೋರಿಸ್ತಿದ್ದಾಗ ನಾನು ಕ್ಲಚ್ ಅಂತ ನಿಮ್ಮ ಕಾಲು ತುಳಿದಿದ್ದು” ಎಂದು ಜಾಗ ತೋರಿಸಿ ಬೆಸುಗೆ ಹಾಕಿದ.

ಶನಿವಾರ ಗುಜರಿಯವನು ಸರಪಳಿ ಸಮೇತ ಬಂದಾಗ ಮೇಡಂ ಅವನನ್ನು ಬೈಯಲಿಲ್ಲ. ಕಾರಿನೊಳಗೆ ಕೂರಿಸಿ, ಗಾಜು ಏರಿಸಿ, ಚಾವಣಿಯ ಮೇಲೆ ಧಾರಾಳವಾಗಿ ನೀರು ಬಿಟ್ಟರು. ಅವನು ಅಂಗೈಯಿಂದ ನೆಲ ಸವರಿ ನೋಡಿ ಇಳಿದ.

“ಒಂದು ಹನಿ ಇಲ್ಲ ಅಕ್ಕಾ. ಹಾಗಾದ್ರೆ ನಾನ್ಯಾಕೆ ಬಂದೆ?”

“ಸಾಕ್ಷಿಗೆ” ಎಂದರು ಮೇಡಂ. “ಕಾಫಿ ಕುಡಿದು ಹೋಗು.”

ಅವನು ಹೋದ ಮೇಲೆ ಮೇಡಂ ಕೀಲಿಕೈ ತೆಗೆದುಕೊಂಡರು. ಕಾರ್ಪೆಟ್ಟು ಇನ್ನೂ ಕಾಂಪೌಂಡ್ ಗೋಡೆಯ ಮೇಲೆ ಒಣಗುತ್ತಿತ್ತು. ಬರೀ ತಗಡಿನ ನೆಲ. ಸೋರಣ್ಣ ಪಕ್ಕದ ಸೀಟಿನಲ್ಲಿ ಕೂತ. ಕಾರು ಓಣಿ ದಾಟಿದ್ದೇ ತಡ, ಕಲ್ಲು ಸಿಡಿಯುವುದು, ಗೇರು ಗೊರಗುಟ್ಟುವುದು, ಎಂಜಿನ್ನಿನ ಗದ್ದಲ ಎಲ್ಲ ಕಾಲಡಿಯಿಂದ ನೇರವಾಗಿ ಮೇಲೆ ಬಂತು. ಮೇಡಂ ಒಂದು ವಾರದ ಬಾಕಿಯನ್ನೆಲ್ಲ ಹೇಳತೊಡಗಿದರು. ಮಗಳು ಫೋನಿನಲ್ಲಿ ಅಂದದ್ದು, ಪಕ್ಕದ ಮನೆಯವರ ಹೊಸ ಕಾರಿನ ಬಣ್ಣ, ನನ್ನ ವಸ್ತು ಯಾರಿಗಾದರೂ ಕೊಡುವುದಿದ್ದರೆ ಮೊದಲು ನನ್ನನ್ನು ಕೇಳಿ ಎನ್ನುವುದು. ಗದ್ದಲದಲ್ಲಿ ಸೋರಣ್ಣನಿಗೆ ಅರ್ಧಕ್ಕರ್ಧ ತಿಳಿಯಲಿಲ್ಲ. ಎಲ್ಲದಕ್ಕೂ ಹೂಂ ಅಂದ.

“ಏನು ಹೂಂ?” ಮೇಡಂ ಗಂಟಲೇರಿಸಿದರು. “ನಾನು ಕೇಳಿದ್ದು ಎಡಕ್ಕಾ, ಬಲಕ್ಕಾ ಅಂತ.”

“ಯಾವುದು ದೂರ ಆಗುತ್ತೋ ಅದು” ಎಂದು ಸೋರಣ್ಣ ಅಷ್ಟೇ ಜೋರಾಗಿ ಕೂಗಿದ.