ಮುಚ್ಚದ ಟಾಪು, ಮುಂದೆ ಅದಿರು ಲಾರಿ

ಗೆಳೆಯರೇ, ಇವತ್ತಿನ ಕಥೆ ಕೇಳಿ. ಹೆಂಡತಿಯ ಜೊತೆ ಅಂಕೋಲೆಗೆ ಹೊರಟಿದ್ದೆ. ದಾರಿಯಲ್ಲಿ ಬಿಣಗಾ ಊರು ದಾಟಿದ ಮೇಲೆ ಅವಳು ಎಷ್ಟು ಹೇಳಿದರೂ ನಾನು ಮಾರದ ಹಳೆಯ ಜರ್ಮನ್ ಕಾರಿನ ಮಡಚುವ ಟಾಪನ್ನು ತೆರೆದೆ. ಅದು ಮತ್ತೆ ಮುಚ್ಚಲೇ ಇಲ್ಲ. ಮುಂದೆ ತುಂಬಿ ತುಳುಕುವ ಅದಿರು ಲಾರಿ, ಹಿಂದೆ ಇನ್ನೊಂದು. ಗಂಟೆಗೆ ಇನ್ನೂರು ಕಿಲೋಮೀಟರ್ ಓಡಬಲ್ಲ ಕಾರು ನಡುವೆ ಸಿಕ್ಕಿಕೊಂಡು ತೆವಳುತ್ತಿತ್ತು. ಲಾರಿ ಹೊಂಡಕ್ಕೆ ಇಳಿದಾಗಲೆಲ್ಲ ಮೇಲಿನಿಂದ ಅದಿರಿನ ಕಲ್ಲು ಉದುರುತ್ತಿತ್ತು.

ಅವಳು ಬ್ಯಾಗನ್ನು ತಲೆಯ ಮೇಲೆ ಹಿಡಿದು, “ಹಾರನ್ ಹೊಡೀರಿ ಮಾರಾಯ್ರೆ!” ಎಂದು ಕಿರುಚಿದಳು. ಬಿಡಿಭಾಗ ಗೋವಾದಲ್ಲೂ ಸಿಗದೆ ಹಾರನ್ ಮೂಕವಾಗಿತ್ತು. ಅಷ್ಟರಲ್ಲಿ ಮುಷ್ಟಿಗಾತ್ರದ ಕಲ್ಲೊಂದು ನಮ್ಮಿಬ್ಬರ ನಡುವೆ ಧಪ್ಪೆಂದು ಬಿತ್ತು.

ಅಂಕೋಲೆಯಲ್ಲಿ ಇಳಿದವಳೇ ಹೇಳಿದಳು: “ಮಾರೂದಿಲ್ಲ ಅಂದ್ರೆ ಮಾರಬೇಡಿ. ನಾ ವಾಪಸ್ ಬಸ್ಸಿಗೆ ಬರ್ತೆ. ಬಸ್ಸಿನ ಕಿಟಕಿಯಿಂದ ನೋಡಿದ್ರೆ ನಿಮ್ ಕಾರು ಭಾರಿ ಚಂದ ಕಾಣ್ತದೆ.”