ಪಾಳಿ ತಿಳಿಯದ ಬೆಲ್ಟು

ಇಸವಿ ೨೦೦೩. ಚಾಮರಾಜಪೇಟೆಯ ಒಂದು ಪಾರ್ಸೆಲ್ ಸಾಗಣೆ ಕಂಪನಿಯ ಗೋದಾಮಿಗೆ ನಾನು ಆಪರೇಷನ್ಸ್ ಮ್ಯಾನೇಜರ್. ಚಿಕ್ಕಪೇಟೆಯ ಬಟ್ಟೆ ಅಂಗಡಿಗಳಿಂದ ಬರುವ ಮೂಟೆಗಳನ್ನು ಊರೂರಿಗೆ ಹೋಗುವ ಲಾರಿಗಳಿಗೆ ಹಂಚುವುದು ನಮ್ಮ ಕೆಲಸ. ಹಮಾಲಿಗಳ ಮಧ್ಯೆ ಹೆಂಗಸಿಗೇನು ಕೆಲಸ ಅಂತ ನಕ್ಕವರಿದ್ದರು. ನನ್ನ ಗಂಟಲು ಕೇಳಿದ ಮೇಲೆ ನಗು ನಿಂತಿತು.

ಅಲ್ಲಿ ಎಲ್ಲ ನಡೆಯುತ್ತಿದ್ದದ್ದು ಪಾಳಿಯ ಪ್ರಕಾರ. ಹಮಾಲಿಗಳು ಬಂದ ಕ್ರಮದಲ್ಲಿ ಗೋಡೆಗೊರಗಿ ಕೂರುವುದು. ತನ್ನ ಸರದಿಗೆ ಬಂದ ಮೂಟೆ ಹಗುರವೋ ಭಾರವೋ, ಹೊರುವುದು. ಮತ್ತೆ ಸಾಲಿನ ಕೊನೆಗೆ ಹೋಗಿ ಕೂರುವುದು. ಕೂಲಿ ಹೊತ್ತ ಮೂಟೆಗಳ ಲೆಕ್ಕದಲ್ಲಿ, ಪಾಳಿ ಇದ್ದದ್ದರಿಂದ ವಯಸ್ಸಾದವನಿಗೂ ಪ್ರಾಯದವನಿಗೂ ಹೆಚ್ಚುಕಮ್ಮಿ ಒಂದೇ. ಇನ್ನೊಬ್ಬನ ಪಾಳಿಯ ಮೂಟೆಗೆ ಕೈ ಹಾಕಿದವನನ್ನು ‘ಅನ್ನಗಳ್ಳ’ ಅನ್ನುತ್ತಿದ್ದರು. ಅದಕ್ಕಿಂತ ಕೆಟ್ಟ ಬೈಗುಳ ಅವರಲ್ಲಿರಲಿಲ್ಲ. ಬೈಗುಳಕ್ಕೇನೂ ಅವರಲ್ಲಿ ಬರ ಇರಲಿಲ್ಲ ಬಿಡಿ.

ಆ ವರ್ಷ ಹೆಡ್ಡಾಫೀಸಿನವರು ಆಟೊಮೇಟೆಡ್ ಸಾರ್ಟರ್ ಹಾಕಿಸಿದರು. ಬಾರ್‌ಕೋಡ್ ಅಂಟಿಸಿದ ಮೂಟೆಯನ್ನು ಬೆಲ್ಟಿನ ಮೇಲಿಟ್ಟರೆ ಸ್ಕ್ಯಾನರ್ ಅದನ್ನು ಓದಿ, ಯಾವ ಲಾರಿಗೆ ಹೋಗಬೇಕೋ ಆ ಬಾಗಿಲಿಗೆ ತಳ್ಳುತ್ತಿತ್ತು. ಅಲ್ಲಿಂದ ಲಾರಿಗೆ ಯಾರು ಹೊರಬೇಕೆಂಬುದನ್ನೂ ಕಂಪ್ಯೂಟರೇ ಹೇಳುತ್ತಿತ್ತು: ದೊಡ್ಡ ಸ್ಕ್ರೀನ್ ಮೇಲೆ ಹಮಾಲಿಯ ನಂಬರ್ ಮಿನುಗುವುದು. ಬೇಗ ಮುಗಿಸಿದವನಿಗೆ ಬೇಗ ಮುಂದಿನ ಮೂಟೆ. ಬೇಡ ಅಂದರೆ ಅವತ್ತಿಗೆ ಗೈರುಹಾಜರಿ. ಮೂಟೆಗಳು ತಪ್ಪು ಲಾರಿ ಹತ್ತುವುದು ನಿಂತೇ ಹೋಯಿತು. ನಾನೂ ಹಿಗ್ಗಿದೆ, ಯಾಕೆ ಸುಳ್ಳು ಹೇಳಲಿ?

ಬಾಬು ಅಂತ ಒಬ್ಬ, ಇಪ್ಪತ್ತೈದರ ಹುರುಪಿನವನು. ಅವನ ನಂಬರ್ ಬಿಡುವಿಲ್ಲದೆ ಮಿನುಗಿತು. ಅವನ ಅಕ್ಕನ ಗಂಡ ಲಕ್ಷ್ಮಣ, ಐವತ್ತು ದಾಟಿದವನು, ಬಾಬುವಿಗೆ ಮೂಟೆ ಎತ್ತುವುದನ್ನು ಕಲಿಸಿದವನೇ, ಮಧ್ಯಾಹ್ನದವರೆಗೂ ಗೋಡೆ ಪಕ್ಕ ಸುಮ್ಮನೆ ಕೂತಿರುತ್ತಿದ್ದ. ಸಾಲಿನವರ ಕಣ್ಣಿಗೆ ಕಳ್ಳ ಕಂಪ್ಯೂಟರಲ್ಲ, ಬಾಬು. ಮೊದಲು ಅವನ ಮೇಲೆ ಚಪ್ಪಲಿ ತೂರಿದರು. ಆಮೇಲೆ ಸೈಕಲ್ಲನ್ನು ಕಲ್ಲಿನಿಂದ ಜಜ್ಜಿದರು. ಒಂದು ದಿನ ಊಟದ ಹೊತ್ತಿನಲ್ಲಿ ನಾಲ್ಕು ಜನ ಸೇರಿ ಬಾಯಲ್ಲಿ ರಕ್ತ ಬರುವ ಹಾಗೆ ಬಡಿದರು. ನಾನು ಹೆಡ್ಡಾಫೀಸಿಗೆ ಫೋನ್ ಮಾಡಿ, “ಮೂಟೆ ಹಂಚೋ ರೂಲ್ ಬದಲಾಯಿಸಿ, ಇಲ್ಲಿ ಹೆಣ ಬೀಳತ್ತೆ” ಅಂದೆ. “ಹೊಸದರಲ್ಲಿ ಹಂಗೇ ಮೇಡಂ, ಅಡ್ಜಸ್ಟ್ ಆಗ್ತಾರೆ” ಅಂದರು. ಅಡ್ಜಸ್ಟ್ ಅಂತೆ, ಮಣ್ಣಂಗಟ್ಟಿ!

ಮರುದಿನ ಬೆಳಿಗ್ಗೆ ಬಾಬು ಬೆಲ್ಟಿನ ಮೇಲೆ ಬಗ್ಗಿ ಮೂಟೆಗೆ ಕೈ ಹಾಕಿದ್ದ. ಲಕ್ಷ್ಮಣ ಎದ್ದು ಬಂದ.

“ಏಯ್, ಅದು ನನ್ನ ಪಾಳಿ ಕಣೋ.”

“ನನ್ನ ನಂಬರ್ ಬಂದಿದೆ ಭಾವ, ನಾನೇನ್ ಮಾಡ್ಲಿ?”

“ನಿಮ್ಮಕ್ಕ ನಿನ್ನೆಯಿಂದ ಒಲೆ ಹಚ್ಚಿಲ್ಲ ಕಣೋ!” ಅನ್ನುತ್ತಲೇ ಲಕ್ಷ್ಮಣ ಮೂಟೆ ಎಳೆಯುವ ಕಬ್ಬಿಣದ ಕೊಕ್ಕೆಯನ್ನು ಅವನ ಭುಜಕ್ಕೆ ಹಾಕಿ ಜಗ್ಗಿದ. ಬಾಬು ಬೆಲ್ಟಿನ ಮೇಲೆ ಬಿದ್ದ. ಬಲಗೈ ರೋಲರ್‌ಗಳ ನಡುವೆ ಹೋಯಿತು. ಮೂಳೆ ಮುರಿದ ಸದ್ದು ನನ್ನ ಮೇಜಿನವರೆಗೂ ಕೇಳಿಸಿತು. ಓಡಿ ಹೋಗಿ ಕೆಂಪು ಬಟನ್ ಗುದ್ದಿದೆ. ಬೆಲ್ಟು ನಿಂತಿತು, ಅವನ ಕಿರುಚಾಟ ನಿಲ್ಲಲಿಲ್ಲ. ನೆಲವೆಲ್ಲ ರಕ್ತ. ಸ್ಕ್ರೀನ್ ಮೇಲೆ ಆಗಲೂ ಬಾಬುವಿನ ನಂಬರೇ ಮಿನುಗುತ್ತಿತ್ತು, ಬೇಗ ಬಾ, ಮೂಟೆ ಕಾಯ್ತಿದೆ ಅನ್ನೋ ಹಾಗೆ. ಲಕ್ಷ್ಮಣ ತಲೆಯೆತ್ತಿ ಅದನ್ನು ನೋಡಿದ. ಅದೇ ಕೊಕ್ಕೆಯಿಂದ ಸ್ಕ್ರೀನಿಗೆ ಹೊಡೆದ. ಗಾಜು ಅವನ ಮುಖಕ್ಕೇ ಸಿಡಿಯಿತು. ಪೊಲೀಸರು ಬಂದು ಹಿಡಿಯುವವರೆಗೂ ಹೊಡೆಯುತ್ತಲೇ ಇದ್ದ.

ಹೆಡ್ಡಾಫೀಸಿನ ಮೊದಲ ಪ್ರಶ್ನೆ, “ಸರ್ವರ್‌ಗೆ ಏನಾದ್ರೂ ಆಯ್ತಾ?”

“ಒಬ್ಬ ಮನುಷ್ಯನ ಕೈ ಹೋಗಿದೆ ಕಣ್ರೀ! ನಿಮ್ಮ ಸರ್ವರ್‌ಗೆ ಬೆಂಕಿ ಬೀಳ!” ಅಂದು ಫೋನ್ ಕುಕ್ಕಿದೆ. ನೌಕರಿಯಲ್ಲಿ ಮೇಲಿನವರಿಗೆ ಬೈದದ್ದು ಅದೇ ಮೊದಲು. ಕೊನೆಯದಂತೂ ಅಲ್ಲ.

ರಿಪೇರಿಗೆ ಬಂದ ಎಂಜಿನಿಯರ್‌ನನ್ನು ಆ ರಕ್ತದ ಕಲೆಯ ಪಕ್ಕದಲ್ಲೇ ಕೂರಿಸಿ, “ಪಾಳಿ ಹಾಕಿಕೊಡಿ” ಅಂದೆ. ಸ್ಪೀಡ್ ಕಮ್ಮಿಯಾಗತ್ತೆ ಅಂದ. ಆಗಲಿ ಅಂದೆ. ಅರ್ಧ ದಿನದಲ್ಲಿ ಮುಗಿಸಿಕೊಟ್ಟ. ಅರ್ಧ ದಿನದ ಕೆಲಸ ಸ್ವಾಮಿ!

ಕೆಲವು ತಿಂಗಳ ಮೇಲೆ ಲಕ್ಷ್ಮಣ ಜಾಮೀನಿನ ಮೇಲೆ ಹೊರಬಂದ. ಬಾಬುವಿನ ಕೈ ಉಳಿದಿತ್ತು, ಅದರಲ್ಲಿ ಬಲ ಉಳಿದಿರಲಿಲ್ಲ. ಇಬ್ಬರನ್ನೂ ಮತ್ತೆ ಕೆಲಸಕ್ಕೆ ಸೇರಿಸಬೇಡಿ ಅಂತ ಮೇಲಿನಿಂದ ಆಜ್ಞೆ. ಪಾಳಿ ವಾಪಸ್ ಬಂದ ಮೇಲೆ ಸಾಲಿನವರಿಗೆ ಬಾಬು ಕಳ್ಳನಾಗಿ ಉಳಿದಿರಲಿಲ್ಲ. ಇಬ್ಬರೂ ಬರುವವರೆಗೆ ಒಬ್ಬ ಹಮಾಲಿಯೂ ಗೋಡೆ ಬಿಟ್ಟು ಏಳಲಿಲ್ಲ. ಆಜ್ಞೆ ಕೊಟ್ಟವರೇ ಸೋತರು.

ಬಂದ ದಿನ ಬಾಬುವಿನ ಸರದಿಗೆ ರೇಷ್ಮೆ ಸೀರೆಗಳ ಭಾರಿ ಮೂಟೆ ಬಂತು. ಎಡಗೈಯಲ್ಲಿ ಎಳೆದ, ಮಂಡಿಯೂರಿ ಬಿದ್ದ. ಬೇರೆಯವನ ಪಾಳಿ, ಯಾರೂ ಮುಟ್ಟಲಿಲ್ಲ. ಲಕ್ಷ್ಮಣ ಎದ್ದು ಬಂದು ಅವನೆದುರು ಬಗ್ಗಿ ನಿಂತ.

“ಪಾಳಿ ನಿಂದೇ. ಬೆನ್ನು ನಂದು.”

ಬಾಬು ಎಡಗೈಯಿಂದ ಅವನ ಕೆನ್ನೆಗೆ ಫಟಾರನೆ ಬಾರಿಸಿದ. ಇನ್ನೊಂದು. ಮತ್ತೊಂದು. ತುಟಿ ಒಡೆದು ರಕ್ತ ಗದ್ದಕ್ಕಿಳಿಯಿತು. ಲಕ್ಷ್ಮಣ ಕೈಯೆತ್ತಲಿಲ್ಲ. ನಾನು ಕೂಗಲು ಬಾಯಿ ತೆರೆದೆ. ಪಕ್ಕದಲ್ಲಿದ್ದ ಹಿರಿಯ ಹಮಾಲಿ, “ಬಿಡಿ ಅಮ್ಮಾ” ಅಂದ. ಹೊಡೆದು ಹೊಡೆದು ಸುಸ್ತಾದ ಮೇಲೆ ಬಾಬು ಮೂಟೆಯನ್ನು ಆ ಬೆನ್ನಿಗೆ ನೂಕಿದ. ಲಕ್ಷ್ಮಣ ಹೊತ್ತ. ಅಲ್ಲಿಂದ ಮುಂದೆ ದಿನವೂ ಇಬ್ಬರ ಪಾಳಿಯದ್ದನ್ನೂ ಹೊತ್ತ. ಬಾಬು ಅವನ ಜೊತೆ ಒಂದು ಮಾತೂ ಆಡಲಿಲ್ಲ. ಕಂಪ್ಯೂಟರ್ ಮಾತ್ರ ಬಾಬುವಿನ ನಂಬರಿಗೆ ಪೂರ್ತಿ ಹಾಜರಿ ಹಾಕುತ್ತಿತ್ತು.

ಹೊಸ ಸಿಸ್ಟಂ ಹಾಕಿಸುವವರು ಈಗಲೂ ನನ್ನನ್ನು ಕೇಳಲು ಬರುತ್ತಾರೆ. ವೇಗದ ಮಾತು ಆಮೇಲೆ, ಅನ್ನುತ್ತೇನೆ. ಮೊದಲು ಕೆಲಸಗಾರರ ಪಕ್ಕ ಹೋಗಿ ನೆಲದ ಮೇಲೆ ಕೂತ್ಕೊಳ್ಳಿ, ನಿಮ್ಮಲ್ಲಿ ಯಾವುದಕ್ಕೆ ಕಳ್ಳತನ ಅಂತೀರಿ ಅಂತ ಕೇಳಿ. ಅದನ್ನು ಕೇಳದೆ ಯಂತ್ರ ತಂದರೆ, ಅವರು ಮೊದಲು ಹೊಡೆಯೋದು ಯಂತ್ರಕ್ಕಲ್ಲ, ಪಕ್ಕದಲ್ಲಿ ಕೂತವನಿಗೆ.