ಹುಳ ಹೆಚ್ಚೋ, ಮೀನು ಹೆಚ್ಚೋ

ಯುದ್ಧದ ಕಾಲ. ಬಸವಕಲ್ಯಾಣವನ್ನು ಆಗಿನ್ನೂ ಕಲ್ಯಾಣಿ ಎನ್ನುತ್ತಿದ್ದರು. ನನಗೆ ಹೆಣ್ಣು ನೋಡಲು ಅಲ್ಲಿಂದ ಬಂಡಿ ಕಟ್ಟಿಕೊಂಡು ಹುಮನಾಬಾದಿಗೆ ಹೋದೆವು. ಜೊತೆಗೆ ಅಜ್ಜಿ ಮತ್ತು ಸೋದರಮಾವ. ಮಾವ ಮುಂಬೈ ಬಂದರಿನಲ್ಲಿ ಹಮಾಲಿ ಮಾಡಿ ಬಂದವನು. ನಮ್ಮ ಓಣಿಯಲ್ಲಿ ಸಮುದ್ರ ನೋಡಿದವನು ಅವನೊಬ್ಬನೇ. ಅದನ್ನು ಯಾರಿಗೂ ಮರೆಯಗೊಡುತ್ತಿರಲಿಲ್ಲ.

ನಮ್ಮ ಗ್ರಹಚಾರಕ್ಕೆ, ಹೆಣ್ಣಿನ ಕಾಕಾ ಬಂಗಾಲದಲ್ಲಿ ಗಂಗೆಯ ಸ್ಟೀಮರಿನ ಮೇಲೆ ಅಡುಗೆ ಮಾಡಿ ಬಂದವರು.

ಊಟಕ್ಕೆ ಕುಳಿತೊಡನೆ ಮಾವ ಚಿಪ್ಪಿಲ್ಲದ ಕಡಲ ಬಸವನಹುಳುವಿನ ಕಥೆ ತೆಗೆದ. ಹೂರಣವನ್ನು ಉದ್ದಕ್ಕೆ ತೀಡಿ, ಎರಡು ಲವಂಗ ಚುಚ್ಚಿ, “ಇವು ಕೊಂಬು ನೋಡ್ರಿ. ಮೈ ಅಂತೂ ಮದುಮಗಳ ಸೀರಿ ಹಾಂಗ ಬಣ್ಣ ಬಣ್ಣ!” ಎಂದ.

“ಇಷ್ಟೇನಾ?” ಎಂದರು ಕಾಕಾ. ತಾಟಿನಲ್ಲಿ ಹೋಳಿಗೆ ಹರವಿ, ಸಾರಿನ ನುಗ್ಗೆಕಾಯಿಯನ್ನು ಬಾಲವಾಗಿ ಇಟ್ಟರು. “ನಮ್ಮ ಗಂಗ್ಯಾಗಿನ ಬಾಲದ ಮೀನು. ಮಲಗೋ ಹೊರಸಿನಷ್ಟು ಅಗಲ. ಬಾಲದಾಗ ವಿಷದ ಮುಳ್ಳು!” ಅದು ತೊರಕೆ ಮೀನು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

“ಅಗಲ ಇದ್ರ ಏನಾತ್ರಿ? ಚಂದ ಬ್ಯಾಡೇನು?”

“ಚಂದ ತೊಗೊಂಡು ಏನ್ ಮಾಡ್ತೀರಿ? ನಂದು ಹೊಡದ್ರ ಆನಿಯಂಥಾ ಮನಶಾ ಬೀಳ್ತಾನ!”

“ಶಿವಾ, ಲಿಂಗ ಕಟ್ಟಿದವರ ಪಂಕ್ತ್ಯಾಗ ಮೀನಾ?” ಎಂದು ಅಜ್ಜಿ ತಾಟನ್ನು ದೂರ ತಳ್ಳಿದಳು. ಅವರಿಬ್ಬರಿಗೂ ಅದು ಕೇಳಿಸಲೇ ಇಲ್ಲ. ಇಬ್ಬರೂ ಎಂಜಲು ಕೈಯಲ್ಲೇ ಎದ್ದು ನಿಂತಿದ್ದರು. “ಬಂಡಿ ಹೂಡ್ರಿ!” ಎಂದು ಮಾವ ಕೂಗಿದ. ನನ್ನ ಮದುವೆ ಒಂದು ಹುಳುವಿನಿಂದ ಮುರಿಯಿತು ಎಂದುಕೊಂಡೆ.

ಅಡುಗೆಮನೆಯ ಬಾಗಿಲ ಹಿಂದಿನಿಂದ ಹೆಣ್ಣುದನಿ ಬಂತು. “ಕಾಕಾ, ನಿನ್ನ ಮೀನಿಗೆ ಎಲುಬು ಎಷ್ಟು?”

“ಎಲುಬು ಎಲ್ಲೀದವ್ವಾ? ನಮ್ಮ ಕಿವಿ ಇರ್ತದಲ್ಲ, ಹಾಂಗ ಮೆತ್ತಗ.”

“ನಿಮ್ಮ ಹುಳಕ್ಕರೀ?”

“ಅದಕ್ಕೆಲ್ಲೀದು ತಂಗಿ? ಬರೇ ಮುದ್ದಿ,” ಎಂದ ಮಾವ.

“ಎಲುಬಿಲ್ಲದ್ದರ ಸಲುವಾಗಿ ನೀವ್ಯಾಕ ಇಷ್ಟು ಸೆಟದು ನಿಂತೀರಿ? ಕುಂದರ್ರಿ, ಹೋಳಿಗಿ ಆರಾಕತ್ತಾವ.”

ಮೊದಲು ನಕ್ಕವಳು ಅಜ್ಜಿ. ನಕ್ಕು ನಕ್ಕು ಕಣ್ಣು ಒರೆಸಿಕೊಂಡು ತಾಟನ್ನು ಮತ್ತೆ ಹತ್ತಿರ ಎಳೆದುಕೊಂಡಳು. ಮಾವ ಕುಳಿತ, ಕಾಕಾ ಅವನ ತಾಟಿಗೆ ತಾವೇ ತುಪ್ಪ ಬಡಿಸಿದರು.

ನಾನು “ನನಗ ಹೆಣ್ಣು ಪಸಂದ್ ಅದ” ಎಂದುಬಿಟ್ಟೆ. ಅಜ್ಜಿ ನನ್ನ ತೊಡೆ ಚಿವುಟಿದಳು. ಹೆಣ್ಣನ್ನು ಇನ್ನೂ ಯಾರೂ ಹೊರಗೆ ಕರೆದಿರಲಿಲ್ಲ.